ಕೆಂಪು-ಹಸಿರು ಎಲ್‌ಸಿ3 ಸೆನ್ಸರ್: ಬಳಸಿ ನೋಡಿದ ಮೇಲೆ

ಜೀವಂತ ಕೋಶದಲ್ಲಿ ಆಟೋಫೇಜಿ (ಕೋಶ ತನ್ನೊಳಗಿನ ಬೇಡದ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವುದು) ನೋಡಲು ನಾನು ಜಾಸ್ತಿ ನೆಚ್ಚಿಕೊಂಡಿರುವುದು ಆರ್‌ಎಫ್‌ಪಿ-ಜಿಎಫ್‌ಪಿ-ಎಲ್‌ಸಿ3 ಜೋಡಿ ಸೆನ್ಸರ್. ಎಲ್‌ಸಿ3 ಎಂಬ ಆಟೋಫೇಜಿ ಪ್ರೋಟೀನಿಗೆ ಕೆಂಪಾಗಿ ಹೊಳೆಯುವ ಆರ್‌ಎಫ್‌ಪಿ, ಹಸಿರಾಗಿ ಹೊಳೆಯುವ ಜಿಎಫ್‌ಪಿ ಎರಡನ್ನೂ ಜೋಡಿಸಿದ್ದು ಇದು. 2007ರಲ್ಲಿ ಬಂದದ್ದು, ಇನ್ನೂ ಹಳತಾಗಿಲ್ಲ. ಜೀರ್ಣವಾಗಬೇಕಾದ್ದನ್ನು ಸುತ್ತಿಕೊಳ್ಳುವ ಚೀಲ, ಅಂದರೆ ಆಟೋಫೇಗೋಸೋಮ್‌ನಲ್ಲಿ ಎರಡೂ ಬಣ್ಣ ಸೇರಿ ಹಳದಿ ಚುಕ್ಕೆ ಕಾಣುತ್ತದೆ. ಅದು ಲೈಸೋಸೋಮ್ (ಕೋಶದ ಜೀರ್ಣಚೀಲ) ಜೊತೆ ಕೂಡಿಕೊಂಡ ಮೇಲೆ ಒಳಗಿನ ಆಮ್ಲಕ್ಕೆ ಹಸಿರು ಆರಿಹೋಗುತ್ತದೆ, ಕೆಂಪು ಮಾತ್ರ ಉಳಿಯುತ್ತದೆ.

ಬರೀ ಜಿಎಫ್‌ಪಿ-ಎಲ್‌ಸಿ3 ಹಾಕಿದರೆ ಚುಕ್ಕೆ ಹೆಚ್ಚಿದ್ದು ಆಟೋಫೇಗೋಸೋಮ್ ತಯಾರಿ ಜಾಸ್ತಿಯಾಗಿದ್ದಕ್ಕೋ, ವಿಲೇವಾರಿ ನಿಂತಿದ್ದಕ್ಕೋ ಗೊತ್ತಾಗುವುದಿಲ್ಲ. ಇಲ್ಲಿ ಆ ತಲೆನೋವು ಕಡಿಮೆ. ಲೈಸೋಸೋಮ್ ಆಮ್ಲವಾಗದಂತೆ ತಡೆಯುವ ಬಾಫಿಲೋಮೈಸಿನ್ ಹಾಕಿದ ಕೋಶಗಳ ಜೊತೆ ಹೋಲಿಸುವುದಂತೂ ತಪ್ಪುವುದಿಲ್ಲ, ಬಿಡಿ.

ನನ್ನ ದೂರು ಒಂದೇ. ಸೆನ್ಸರ್ ಅತಿಯಾಗಿ ತಯಾರಾದ ಕೋಶದಲ್ಲಿ ಎಲ್‌ಸಿ3 ಸುಮ್ನೆ ಗಂಟುಕಟ್ಟಿ ಸುಳ್ಳು ಚುಕ್ಕೆ ತೋರಿಸುತ್ತದೆ. ತುಂಬಾ ಹೊಳೆಯುವ ಕೋಶ ಕಂಡರೆ ನಾನು ಎಣಿಸುವುದೇ ಇಲ್ಲ. ಮೈಟೋಫೇಜಿಗಾದರೆ (ಮೈಟೋಕಾಂಡ್ರಿಯಾದ ಆಟೋಫೇಜಿ) ಎಂಟಿ-ಕೀಮಾ ಎಂಬ ಇನ್ನೊಂದು ಸೆನ್ಸರ್ ಮೇಲು. ಆದರೆ ಫಿಕ್ಸ್ ಮಾಡಿದ (ರಾಸಾಯನಿಕ ಹಾಕಿ ಇದ್ದ ಹಾಗೇ ನಿಲ್ಲಿಸಿದ) ಸ್ಯಾಂಪಲ್‌ಗೆ ಅದು ಆಗಿಬರುವುದಿಲ್ಲ.