ಹಳೆ ಬಂದೂಕಿನ ಕಾಗದಪತ್ರ ನೋಡಿಸಲು ಬಳ್ಳಾರಿಯ ಬಂದೂಕು ಅಂಗಡಿ: ನನ್ನ ಅನುಭವ

ಬಂದೂಕು ಕೊಳ್ಳುವವರಿಗಾಗಿ ಬರೆದ ರಿವ್ಯೂ ಅಲ್ಲ ಇದು. ಮನೆಯಲ್ಲಿ ಹಿರಿಯರ ಬಂದೂಕು ಇದೆ, ಅದಕ್ಕೆ ಲೈಸೆನ್ಸ್ ಇದೆಯೋ ಇಲ್ಲವೋ ಗೊತ್ತಿಲ್ಲ ಅನ್ನುವವರು ಓದಿ.

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ಕುಷ್ಟಗಿ ಕಡೆಯ ಹಳ್ಳಿ ಮನೆಯಲ್ಲಿ ಒಂಟಿ ನಳಿಗೆಯ ಹನ್ನೆರಡು ಬೋರ್ ಬಂದೂಕು ಉಳಿದಿತ್ತು. ಶೇಂಗಾ, ಮೆಕ್ಕೆಜೋಳಕ್ಕೆ ಹಂದಿ ನುಗ್ಗುತ್ತವೆ ಅಂತ ಯಾವಾಗಲೋ ತಗೊಂಡಿದ್ದು. ಅವರ ಮಗ, ಅಂದರೆ ನಮ್ಮ ಅಣ್ಣ, "ಲೈಸೆನ್ಸ್ ಬುಕ್ ಐತಿ, ಚಿಂತಿ ಇಲ್ಲ" ಅಂತಿದ್ದ. ಪರಿಚಯದ ಏಜೆಂಟ್ ಒಬ್ಬ ದುಡ್ಡು ಕೊಟ್ಟರೆ ಎಲ್ಲಾ ಸರಿ ಮಾಡಿಸಿಕೊಡ್ತೀನಿ ಅಂದ. ಏನು ಸರಿ ಮಾಡಿಸ್ತೀಯಪ್ಪ ಅಂದರೆ ಅದಕ್ಕೆ ಉತ್ತರವಿಲ್ಲ. ಅವನನ್ನು ಬಿಟ್ಟು ಬಳ್ಳಾರಿಯ ಒಂದು ಲೈಸೆನ್ಸ್ ಪಡೆದ ಬಂದೂಕು ಅಂಗಡಿಗೆ ಫೋನ್ ಮಾಡಿದೆ.

ಯಜಮಾನರ ಮೊದಲ ಮಾತೇ ನನಗೆ ಹಿಡಿಸಿತು. "ಬಂದೂಕು ತರಬ್ಯಾಡ್ರಿ. ಬುಕ್ ತಗೊಂಡ್ ಬರ್ರಿ, ನಂಬರಿನ ಫೋಟೋ ಹೊಡ್ಕೊಂಡ್ ಬರ್ರಿ." ಕಾಗದ ಸರಿಯಿದೆಯೋ ಇಲ್ಲವೋ ಗೊತ್ತಿಲ್ಲದ ಬಂದೂಕನ್ನು ಕಾರಿನಲ್ಲಿಟ್ಟುಕೊಂಡು ಇನ್ನೊಂದು ಜಿಲ್ಲೆಗೆ ಹೋಗುವುದೇ ದೊಡ್ಡ ಅಪಾಯ ಅಲ್ವಾ. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ, ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ, 2ರಿಂದ 5 ವರ್ಷ ಜೈಲು.

ಅಂಗಡಿಯಲ್ಲಿ ಅವರು ಬುಕ್ಕಿನ ಒಂದೊಂದು ಪುಟವನ್ನೂ ನಿಧಾನಕ್ಕೆ ತಿರುವಿದರು. ಫೋಟೋದಲ್ಲಿ ಕಾಣುವ ನಳಿಗೆಯ ಮೇಲಿನ ನಂಬರು, ತಯಾರಕರ ಹೆಸರು, ಬೋರ್ (ನಳಿಗೆಯ ಅಳತೆ) ಎಲ್ಲಾ ಬುಕ್ಕಿನ ಜೊತೆ ತಾಳೆ ನೋಡಿದರು. ಒಂದು ಅಂಕಿ ಮಸುಕಾಗಿತ್ತು. ಅದನ್ನು ಉಜ್ಜಬೇಡಿ, ಕೆರೆಯಬೇಡಿ ಅಂತ ಗಟ್ಟಿಯಾಗಿಯೇ ಹೇಳಿದರು. ನಂಬರು ಅಳಿಸಿದ ಬಂದೂಕು ಯಾರ ಕೈಯಲ್ಲಿ ಸಿಗುತ್ತದೋ ಅವರೇ ಅಳಿಸಿದ್ದು ಅಂತ ಕಾನೂನು ಎಣಿಸುತ್ತದಂತೆ, ಅಲ್ಲ ಅಂತ ತೋರಿಸುವ ಹೊಣೆ ನಮ್ಮದೇ. ಆಮೇಲೆ ನೋಡಿದೆ, ಆಯುಧ ಕಾಯ್ದೆಯ 8ನೇ ಕಲಂನಲ್ಲಿ ಹಾಗೆಯೇ ಇದೆ.

ಬುಕ್ಕಿನ ಮೊದಲ ಪುಟದಲ್ಲಿ ಇದ್ದದ್ದು ರಾಯಚೂರು ಜಿಲ್ಲಾಧಿಕಾರಿಗಳ ಮೊಹರು. ಅಣ್ಣ ಗಾಬರಿಯಾದ. ಯಜಮಾನರು ಸಮಾಧಾನ ಹೇಳಿದರು: ಕೊಪ್ಪಳ ಜಿಲ್ಲೆ ಆಗಿದ್ದೇ 1997ರಲ್ಲಿ, ಅಲ್ಲಿ ತನಕ ನೀವು ರಾಯಚೂರಿನವರೇ, ನವೀಕರಣದ ಪುಟಗಳಲ್ಲಿ ಕೊಪ್ಪಳದ ಮೊಹರು ಬಂದಿದೆಯಾ ನೋಡಿ. ಬಂದಿತ್ತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವರಿಗೂ ಈಗ ಇದೇ ಪ್ರಶ್ನೆ. ಅವರ ಹಳೆ ಬುಕ್ ಬಳ್ಳಾರಿಯದು, 2021ರಿಂದ ಜಿಲ್ಲೆ ವಿಜಯನಗರ. ಯಾವ ಕಚೇರಿಯ ರಿಜಿಸ್ಟರ್‌ನಲ್ಲಿ ಹುಡುಕಿಸಬೇಕು ಅಂತ ಗೊತ್ತಿಲ್ಲದೆ ಸುಮ್ನೆ ಅಲೆಯುವವರಿಗೆ ಈ ಒಂದು ಮಾತೇ ಸಾಕು.

ಆಮೇಲೆ ಯುಐಎನ್ ಕೇಳಿದರು. ಲೈಸೆನ್ಸ್‌ಗಳನ್ನು ದೇಶದ ಡೇಟಾಬೇಸಿಗೆ ಸೇರಿಸಿದಾಗ ಕೊಡುವ ಗುರುತಿನ ಸಂಖ್ಯೆ ಅದು. ಅದಿಲ್ಲದ ಹಳೆ ಬುಕ್ ಎಷ್ಟೇ ಜೋಪಾನವಾಗಿ ಇಟ್ಟಿದ್ದರೂ ಇವತ್ತು ನಡೆಯುವುದಿಲ್ಲ. ದೊಡ್ಡಪ್ಪ ಮಾಡಿಸಿದ್ದರು, ಪುಣ್ಯಾತ್ಮ. ಚುನಾವಣೆ ಬಂದಾಗ ಠಾಣೆಯಲ್ಲಿ ಬಂದೂಕು ಜಮಾ ಮಾಡಿದ ರಸೀದಿಗಳನ್ನೂ ಬುಕ್ಕಿನಲ್ಲೇ ಮಡಚಿ ಇಟ್ಟಿದ್ದರು, ಅವುಗಳಲ್ಲೂ ಅದೇ ನಂಬರು. ಇಂಥ ರಸೀದಿ ಎಸೆಯಬೇಡಿ.

ಇಷ್ಟೆಲ್ಲಾ ತಾಳೆಯಾದ ಮೇಲೆ ಅಣ್ಣನಿಗೆ ಖುಷಿ. ಆದರೆ ಯಜಮಾನರು ಅಲ್ಲೇ ತಡೆದರು. ಬಂದೂಕು ದಾಖಲೆಯಲ್ಲಿದೆ ನಿಜ, ಆದರೆ ಲೈಸೆನ್ಸ್ ಇದ್ದದ್ದು ಮನುಷ್ಯನಿಗೆ, ಆ ಮನುಷ್ಯ ಈಗಿಲ್ಲ. ಮನೆಯವರು ಅದನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಜಮಾ ಮಾಡಬೇಕು. ನಮ್ಮ ಕಡೆ ಎಷ್ಟು ಮನೆಗಳಲ್ಲಿ ಅಜ್ಜನ ಬಂದೂಕು ಹೀಗೇ ಅಟ್ಟದ ಮೇಲೆ ಇದೆಯೋ. ಅವರೆಲ್ಲರೂ ತಮ್ಮದು ಕಾನೂನಿನ ಪ್ರಕಾರವೇ ಇದೆ ಅಂದುಕೊಂಡಿರುತ್ತಾರೆ, ಅದನ್ನು ನೆನೆದರೇ ನನಗೆ ಹೆದರಿಕೆ.

ಜಮಾ ಇಟ್ಟುಕೊಳ್ಳುವುದು ಅಂಗಡಿಗೂ ವ್ಯಾಪಾರವೇ. ಆದರೂ "ಇಲ್ಲೀತನಕ ಹೊತ್ಕೊಂಡ್ ಬರಬ್ಯಾಡ್ರಿ, ನಿಮ್ಮ ಊರಿನ ಠಾಣೆಗೇ ಕೊಡ್ರಿ, ನಂಬರ್ ಬರ್ಸಿ ರಸೀದಿ ತಗೋರಿ" ಅಂದರು. ರಿಜಿಸ್ಟರ್‌ನಲ್ಲಿ ಏನಿದೆ ಅಂತ ಖಚಿತವಾಗಿ ಹೇಳುವ ಅಧಿಕಾರ ತಮಗಿಲ್ಲ, ಜಿಲ್ಲಾಧಿಕಾರಿ ಕಚೇರಿಗೆ ಬುಕ್ಕಿನ ನಕಲು ಇಟ್ಟು ಬರವಣಿಗೆಯಲ್ಲಿ ಅರ್ಜಿ ಕೊಡಿ ಅಂತಲೂ ಅವರೇ ಹೇಳಿದರು. ಗೊತ್ತಿಲ್ಲದ್ದನ್ನು ಗೊತ್ತು ಅನ್ನದ ಅಂಗಡಿಯವರು ನನಗೆ ಸಿಕ್ಕಿದ್ದು ಕಡಿಮೆ.

ಕೊರತೆಯೂ ಇದೆ. ಬಂದೂಕು ಇಟ್ಟುಕೊಳ್ಳುವ ಬಾಡಿಗೆ ಎಷ್ಟು ಅಂತ ಎಲ್ಲೂ ಬರೆದು ಹಾಕಿಲ್ಲ, ಕೇಳಿಯೇ ತಿಳಿಯಬೇಕು. ಅಂಗಡಿ ಇಕ್ಕಟ್ಟು, ವಯಸ್ಸಾದವರನ್ನು ಕರೆದುಕೊಂಡು ಹೋದರೆ ಕೂರಲು ಜಾಗವಿಲ್ಲ. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ, ದೂರದಿಂದ ಬರುವವರು ಫೋನ್ ಮಾಡಿಯೇ ಹೊರಡಿ. ಆದರೂ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ನಾವು ಠಾಣೆಗೆ ಬಂದೂಕು ಒಪ್ಪಿಸಿ ರಸೀದಿ ತಗೊಂಡೆವು. ಅಣ್ಣ ಈಗ ವಾರಸುದಾರನಾಗಿ ತನ್ನ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಿದ್ದಾನೆ. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಹಳೆ ಬುಕ್, ಉಳಿದ ವಾರಸುದಾರರ ಒಪ್ಪಿಗೆ ಎಲ್ಲಾ ಬೇಕು. ಅಕ್ಕಂದಿರ ಸಹಿ ಮೊದಲೇ ಹಾಕಿಸಿ ಇಟ್ಟುಕೊಳ್ಳಿ, ನಮ್ಮಲ್ಲಿ ಜಾಸ್ತಿ ತಡವಾಗಿದ್ದು ಅದಕ್ಕೇ.