ನೆಟ್‌ವರ್ಕ್ ತೆವಳುತ್ತಿದ್ದರೆ ಸರ್ವರ್ ಆಫ್ ಮಾಡಬೇಡಿ, ಮೊದಲು ಕರ್ನಲ್ ಲಾಗ್ ಓದಿ

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸಹಕಾರ ಸಂಘದ ಲಿನಕ್ಸ್ ಸರ್ವರನ್ನು ಶಿವಮೊಗ್ಗದಿಂದಲೇ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದ ಆರಂಭದಲ್ಲಿ ಅಲ್ಲಿ ಎರಡು ದಿನಗಳ ತೂಕದ ಲೆಕ್ಕವನ್ನು ಕಳೆದುಕೊಂಡೆವು. ನೆಟ್‌ವರ್ಕ್ ನಿಧಾನವಾದಾಗಲೆಲ್ಲ ಸರ್ವರನ್ನು ಆಫ್ ಮಾಡಿ ಆನ್ ಮಾಡುವ ಅಭ್ಯಾಸವೇ ಅದಕ್ಕೆ ಕಾರಣ. ಆ ಅಭ್ಯಾಸಕ್ಕೆ ಫೋನಿನಲ್ಲಿ ಒಪ್ಪಿಗೆ ಕೊಟ್ಟವನು ನಾನು. ಹಳೆಯ ಯಂತ್ರಗಳನ್ನೇ ಸರ್ವರ್ ಮಾಡಿಕೊಂಡಿರುವ ಸಂಘ, ಶಾಲೆ, ಅಂಗಡಿಗಳು ನಮ್ಮ ಸೀಮೆಯಲ್ಲಿ ಬಹಳ ಇರುವುದರಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಭರಣಿ ಮಳೆಯ ಸಿಡಿಲಿಗೆ ಮದರ್‌ಬೋರ್ಡಿನಲ್ಲೇ ಇದ್ದ ನೆಟ್‌ವರ್ಕ್ ಪೋರ್ಟ್ ಹೋಯಿತು. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಮೋಡೆಮ್, ಟಿ.ವಿ. ಸುಡುವುದು ಮಲೆನಾಡಿನವರಿಗೆ ಹೊಸದಲ್ಲ. ಯಂತ್ರ ಮಾರಿದ ಅಂಗಡಿಯ ಹುಡುಗ ಬಂದು ಹೆಚ್ಚುವರಿ ಕಾರ್ಡ್ ಹಾಕುವ ಪಿಸಿಐ ಸ್ಲಾಟಿನಲ್ಲಿ ಒಂದು ಅಗ್ಗದ ನೆಟ್‌ವರ್ಕ್ ಕಾರ್ಡ್ ಕೂರಿಸಿದ. ಸುಟ್ಟ ಪೋರ್ಟನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲೋಡ್ ಆಗದಂತೆ ಮಾಡಿ ಹೋದ. ಕೆಲಸ ನಡೆಯಿತು. ಆದರೆ ಯಂತ್ರ ಆನ್ ಆಗುವಾಗ ಮೊದಲು ಓಡುವ ಬಯೋಸ್‌ಗೆ ಹೋಗಿ ಆ ಪೋರ್ಟಿನ ಸುಟ್ಟ ಚಿಪ್ಪನ್ನು ಪೂರ್ತಿ ಆಫ್ ಮಾಡಬೇಕೆಂದು ಅವನಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಎರಡು ವಾರಗಳ ನಂತರ ದೂರು ಶುರುವಾಯಿತು. ಒಮ್ಮೊಮ್ಮೆ ದಿನವಿಡೀ ಚೆನ್ನಾಗಿರುತ್ತದೆ, ಒಮ್ಮೊಮ್ಮೆ ಬೆಳಿಗ್ಗೆ ಹತ್ತಕ್ಕೇ ತೂಕದ ಕೌಂಟರಿನ ಪರದೆ ತೆರೆಯಲು ನಿಮಿಷಗಟ್ಟಲೆ ಬೇಕು. "ಬೆಳಿಗ್ಗೆಯಿಂದ ಮೂರು ಸಲ ಆಫ್ ಮಾಡಿ ಆನ್ ಮಾಡಿದೆವು ಮಾರಾಯರೇ, ಮಾಡಿದರೆ ಸರಿಯಾಗುತ್ತದೆ" ಎಂದು ಸಂಘದ ಗುಮಾಸ್ತರು ಫೋನ್ ಮಾಡುತ್ತಿದ್ದರು. ಸದ್ಯಕ್ಕೆ ಹಾಗೆಯೇ ಮಾಡಿ ಎಂದೆ. ಸ್ವಿಚ್ ಬದಲಾಯಿಸಿದೆವು. ಹಂಚಿನ ಸೂರಿನಡಿ ಇಲಿ ಕಡಿದಿರಬಹುದೆಂದು ಕೇಬಲ್ ಹೊಸದಾಗಿ ಎಳೆಸಿದೆವು. ಹೊಸ ಕಾರ್ಡನ್ನೂ ತೆಗೆದು ಇನ್ನೊಂದು ಹಾಕಿದೆವು. ದುಡ್ಡು ಹೋಯಿತು, ರೋಗ ಉಳಿಯಿತು.

ಒಂದು ಮಧ್ಯಾಹ್ನ ಹೀಗೆ ತೆವಳುತ್ತಿದ್ದಾಗ ಯಾರೋ ಪವರ್ ಬಟನ್ ಒತ್ತಿ ಹಿಡಿದರು. ಆಗ ಲೆಕ್ಕದ ಡೇಟಾಬೇಸಿಗೆ ಬರವಣಿಗೆ ನಡೆಯುತ್ತಿತ್ತು. ಮತ್ತೆ ಆನ್ ಆದಾಗ ತೂಕದ ಟೇಬಲ್ ತೆರೆಯಲೇ ಇಲ್ಲ. ಬ್ಯಾಕಪ್ ಇದ್ದದ್ದು ಎರಡು ದಿನ ಹಿಂದಿನದು. ರಸೀದಿ ಪುಸ್ತಕದ ಕಾರ್ಬನ್ ಪ್ರತಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದನ್ನೇ ಮತ್ತೆ ಟೈಪ್ ಮಾಡಬೇಕಾಯಿತು. ಥಂಡಿಗೆ ಕಾಗದ ಮೆತ್ತಗಾಗಿ ನೇರಳೆ ಅಕ್ಷರ ಹರಡಿತ್ತು. ರೈತರೊಬ್ಬರ ಬೆಟ್ಟೆ ಅಡಿಕೆಯ ತೂಕದಲ್ಲಿ ಕೊನೆಯ ಅಂಕಿ 4 ಎಂದೂ ಓದಬಹುದಿತ್ತು, 9 ಎಂದೂ ಓದಬಹುದಿತ್ತು. ಅವರನ್ನು ಕರೆಸಿ, ಅವರ ಬಳಿಯಿದ್ದ ಮೂಲ ರಸೀದಿ ನೋಡಿದ ಮೇಲೆಯೇ ಲೆಕ್ಕ ಮುಗಿದದ್ದು. ಅವರು ಒಂದು ಮಾತೂ ಬೈಯಲಿಲ್ಲ. ನನಗೆ ಮಾತ್ರ ಅವರೆದುರು ತಲೆಯೆತ್ತಲು ಆಗಲಿಲ್ಲ.

ಮುಂದಿನ ಸಲ ಫೋನ್ ಬಂದಾಗ, ನಾನು ಬರುವವರೆಗೆ ಯಾರೂ ಮುಟ್ಟಬೇಡಿ ಎಂದು ಹೇಳಿ ಗಾಜನೂರು, ಮಂಡಗದ್ದೆ ದಾರಿಯ ಬಸ್ ಹತ್ತಿದೆ. ತೆವಳುತ್ತಿದ್ದ ಸ್ಥಿತಿಯಲ್ಲೇ ಯಂತ್ರವನ್ನು ನೋಡಿದ್ದು ಅದೇ ಮೊದಲು. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿದೆ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಬೇಕೆಂದು ಅಳೆದೆ. ಒಂದೇ ಕೋಣೆಯೊಳಗೆ ಒಂದು ಮಿಲಿಸೆಕೆಂಡಿಗೂ ಮುಂಚೆ ಬರಬೇಕಾದ ಉತ್ತರ ನೂರು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಬರುತ್ತಿತ್ತು, ಆದರೆ ಒಂದೂ ತಪ್ಪುತ್ತಿರಲಿಲ್ಲ. ಕೇಬಲ್ ಕೆಟ್ಟಿದ್ದರೆ ಪ್ಯಾಕೆಟ್ ಕಳೆದುಹೋಗುತ್ತವೆ; ಹೀಗೆ ಅಳತೆ ಹಿಡಿದಂತೆ ತಡವಾಗುವುದಿಲ್ಲ. ಡಿಎಂಇಎಸ್‌ಜಿ ಆಜ್ಞೆ ಕೊಟ್ಟು ಕರ್ನಲ್ ಲಾಗ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ ಬರೆದಿಡುವ ದಿನಚರಿ, ತೆರೆದರೆ ಎರಡು ಸಾಲು ಕಣ್ಣಿಗೆ ಬಿದ್ದವು: "ಐಆರ್‌ಕ್ಯೂ 16: ನೋಬಡಿ ಕೇರ್ಡ್" ಮತ್ತು, ಸ್ವಲ್ಪ ಕೆಳಗೆ, "ಡಿಸೇಬ್ಲಿಂಗ್ ಐಆರ್‌ಕ್ಯೂ 16". ಐಆರ್‌ಕ್ಯೂ ಎಂದರೆ ಇಂಟರಪ್ಟ್ ಲೈನಿನ ನಂಬರು; 16ನೇ ಲೈನಿನ ಕರೆಯನ್ನು ಯಾರೂ ವಿಚಾರಿಸಲಿಲ್ಲ, ಅದನ್ನು ಮುಚ್ಚುತ್ತಿದ್ದೇನೆ ಎಂದು ಕರ್ನಲ್ ಹೇಳುತ್ತಿತ್ತು.

ಹಳೆಯ ಪಿಸಿಐ ವ್ಯವಸ್ಥೆಯಲ್ಲಿ ಹಲವು ಸಾಧನಗಳು ಒಂದೇ ಇಂಟರಪ್ಟ್ ಲೈನನ್ನು, ಅಂದರೆ ಪ್ರೊಸೆಸರಿನ ಗಮನ ಸೆಳೆಯುವ ತಂತಿಯನ್ನು, ಹಂಚಿಕೊಳ್ಳುತ್ತವೆ. ವಠಾರಕ್ಕೆಲ್ಲ ಒಂದೇ ಕರೆಗಂಟೆ ಇದ್ದಂತೆ. ಗಂಟೆ ಬಾರಿಸಿದಾಗ ಪ್ರತಿ ಮನೆಯವರೂ ಹೊರಗೆ ಇಣುಕಿ ನಮ್ಮ ನೆಂಟರೇ ಎಂದು ನೋಡಬೇಕು. ನಮ್ಮ ಸರ್ವರಿನಲ್ಲಿ ಸುಟ್ಟ ಚಿಪ್ ತನಗೆ ತೋಚಿದಾಗ ಗಂಟೆ ಒತ್ತಿ ಹಿಡಿಯುತ್ತಿತ್ತು, ಅದಕ್ಕೆ ಉತ್ತರ ಕೊಡಬೇಕಾದ ಡ್ರೈವರನ್ನು ನಾವೇ ತೆಗೆದುಹಾಕಿದ್ದೆವು. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚಿನವಕ್ಕೆ ವಾರಸುದಾರರೇ ಇಲ್ಲವೆಂದು ಕಂಡರೆ ಲಿನಕ್ಸ್ ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. ಮುಚ್ಚಿದ ಮೇಲೆ ಸೆಕೆಂಡಿಗೆ ಸುಮಾರು ಹತ್ತು ಸಲ ತಾನೇ ಬಾಗಿಲಿಗೆ ಹೋಗಿ ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತದೆ. ನಮ್ಮ ಒಳ್ಳೆಯ ಕಾರ್ಡೂ ಅದೇ ಲೈನಿನಲ್ಲಿತ್ತು. ಆ ನೂರು ಮಿಲಿಸೆಕೆಂಡಿನ ಗುಟ್ಟು ಇದು. ರೀಬೂಟ್ ಮಾಡಿದರೆ ಲೈನ್ ಮತ್ತೆ ತೆರೆಯುತ್ತದೆ, ಎಲ್ಲವೂ ಸರಿಯಾದಂತೆ ಕಾಣುತ್ತದೆ.

ನನಗೆ ಈಗಲೂ ಸಂಕಟವಾಗುವುದು ಈ ಒಂದು ವಿಷಯಕ್ಕೆ. ಆ ಯಂತ್ರದಲ್ಲಿ ಲಾಗ್‌ಗಳನ್ನು ಕೂಡಿಡುವ ಸಿಸ್ಟಮ್‌ಡಿಯ ಜರ್ನಲ್ ಡಿಸ್ಕಿನಲ್ಲಿ ಉಳಿಯುವಂತೆ ಹೊಂದಿಸಿರಲಿಲ್ಲ, ಮೆಮೊರಿಯಲ್ಲಷ್ಟೇ ಇರುತ್ತಿತ್ತು. ಪ್ರತಿ ಸಲ ಆಫ್ ಮಾಡಿದಾಗ ಆ ಎರಡು ಸಾಲುಗಳನ್ನು ನಾವೇ ಅಳಿಸುತ್ತಿದ್ದೆವು. ನಿಮ್ಮ ಸರ್ವರಿನಲ್ಲಿ ವಾರ್ ಡೈರೆಕ್ಟರಿಯ ಲಾಗ್ ಒಳಗೆ ಜರ್ನಲ್ ಎಂಬ ಡೈರೆಕ್ಟರಿ ಇದೆಯೇ ಎಂದು ಇವತ್ತೇ ನೋಡಿ.

ಆ ಸಂದೇಶದ ಜೊತೆಗೆ ಕರ್ನಲ್ ಒಂದು ಸಲಹೆಯನ್ನೂ ಕೊಡುತ್ತದೆ: ಐಆರ್‌ಕ್ಯೂಪೋಲ್ ಎಂಬ ಆಯ್ಕೆಯೊಂದಿಗೆ ಬೂಟ್ ಮಾಡಿ ನೋಡಿ ಎಂದು. ನಾನು ಅದನ್ನು ಮೊದಲು ಹಾಕಿಯೇ ನೋಡಿದೆ. ಹಾಕಿದರೆ ವಾರಸುದಾರರಿಲ್ಲದ ಇಂಟರಪ್ಟ್ ಬಂದಾಗಲೂ, ಟೈಮರ್ ಬಡಿದಾಗಲೂ ಕರ್ನಲ್ ಎಲ್ಲ ಡ್ರೈವರ್‌ಗಳನ್ನು ವಿಚಾರಿಸುತ್ತಾ ಹೋಗುತ್ತದೆ. ನೆಟ್‌ವರ್ಕ್ ನಿಲ್ಲಲಿಲ್ಲ, ಆದರೆ ಯಂತ್ರವೇ ಭಾರವಾಯಿತು. ರೋಗ ಪತ್ತೆಯಾಗುವವರೆಗೆ ದಿನ ದೂಡಲು ಸಾಕು. ಅದನ್ನೇ ಚಿಕಿತ್ಸೆಯೆಂದು ಬಿಟ್ಟುಬಿಡಬೇಡಿ.

ಪತ್ತೆಯಾದದ್ದು ಹೀಗೆ. ಪ್ರಾಕ್ ಡೈರೆಕ್ಟರಿಯ ಇಂಟರಪ್ಟ್ಸ್ ಫೈಲಿನಲ್ಲಿ 16ರ ಎದುರು ಒಂದು ಯುಎಸ್‌ಬಿ ಕಂಟ್ರೋಲರ್ ಮತ್ತು ನಮ್ಮ ಕಾರ್ಡ್ ಮಾತ್ರ ಇದ್ದವು. ಆ ಸಾಲಿನ ಇಂಟರಪ್ಟ್‌ಗಳ ಎಣಿಕೆ ಅಲುಗದೆ ನಿಂತಿತ್ತು. ಪಿಸಿಐ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಆಜ್ಞೆಗೆ ಕೆ ಆಯ್ಕೆ ಸೇರಿಸಿ ನೋಡಿದರೆ ಸುಟ್ಟ ಚಿಪ್ ಇನ್ನೂ ಪಟ್ಟಿಯಲ್ಲಿದೆ, ಅದರ ಕೆಳಗೆ ಡ್ರೈವರಿನ ಸಾಲಿಲ್ಲ. ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿದೆ, ಐಆರ್‌ಕ್ಯೂಪೋಲ್ ತೆಗೆದೆ. ಕಾಟ ನಿಂತಿತು.

ಆರಿದ್ರ ಮಳೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಮೇಲೆ ಮತ್ತದೇ ಫೋನ್. ಹೋಗಿ ನೋಡಿದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತು ಬಯೋಸ್ ಹಳೆಯ ಹೊಂದಿಕೆಗೆ ಮರಳಿತ್ತು, ಸುಟ್ಟ ಚಿಪ್ ಮತ್ತೆ ಎದ್ದು ಕೂತಿತ್ತು. ಸೆಲ್ ಬದಲಾಯಿಸಿದೆ. ಜೊತೆಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಸ ಕಾರ್ಡನ್ನೂ ಹಾಕಿದೆ. ಅಂಥ ಕಾರ್ಡ್, ತಂತಿಯ ಬದಲು ಸಂದೇಶದ ಮೂಲಕ ಇಂಟರಪ್ಟ್ ಕಳಿಸುವ ಎಂಎಸ್‌ಐ ವಿಧಾನದಲ್ಲಿ ಕೆಲಸ ಮಾಡುವಾಗ ಲೈನ್ ಹಂಚಿಕೊಳ್ಳುವ ಪ್ರಶ್ನೆಯೇ ಇರುವುದಿಲ್ಲ. ಇಂಟರಪ್ಟ್ಸ್ ಫೈಲಿನಲ್ಲಿ ಆ ಕಾರ್ಡಿನ ಸಾಲಿನಲ್ಲಿ ಹಳೆಯ ವಿಧಾನದ ಗುರುತಾದ ಐಒ-ಎಪಿಐಸಿ ಎಂದಿರದೆ ಪಿಸಿಐ-ಎಂಎಸ್‌ಐ ಎಂದಿದ್ದರೆ ಆಯಿತು. ಕೆಲವು ಡ್ರೈವರ್‌ಗಳು ಹಳೆಯ ವಿಧಾನಕ್ಕೇ ಇಳಿಯುತ್ತವೆ. ಹಾಗಾಗಿ ಡಬ್ಬಿಯ ಮೇಲಿನ ಬರಹ ನಂಬದೆ ಫೈಲನ್ನೇ ನೋಡಿ. ಲಿನಕ್ಸ್ ಬದಲು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆ ಬಳಸುವವರು ವಿಎಂಸ್ಟ್ಯಾಟ್ ಆಜ್ಞೆಗೆ ಐ ಆಯ್ಕೆ ಸೇರಿಸಿ ಎಣಿಕೆ ನೋಡಬಹುದು. ಅಲ್ಲಿ ಲಾಗಿನಲ್ಲಿ "ಇಂಟರಪ್ಟ್ ಸ್ಟಾರ್ಮ್" ಅಥವಾ "ವಾಚ್‌ಡಾಗ್ ಟೈಮ್‌ಔಟ್" ಎಂದು ಕಂಡರೆ ಕೇಬಲ್ ಅಂಗಡಿಗೆ ಓಡುವ ಮೊದಲು ಇದೇ ದಾರಿಯಲ್ಲಿ ಹುಡುಕಿ.

ಸಂಘದ ಸರ್ವರಿನ ಪವರ್ ಬಟನ್ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇನೆ: "ನಿಧಾನವಾದರೆ ಒತ್ತಬೇಡಿ, ಫೋನ್ ಮಾಡಿ." ಗುಮಾಸ್ತರು ಅದರ ಕೆಳಗೆ ನನ್ನ ನಂಬರನ್ನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದಾರೆ.