ವಾಲ್ವ್, ಇಂಪೆಲ್ಲರ್, ವಿಎಫ್‌ಡಿ: ಪಾಲಿಶ್ ಪಂಪಿಗೆ ಯಾವುದು ವಾಸಿ?

ಕಲಬುರಗಿ ಜಿಲ್ಲೆಯ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವರಿಗೆ ನೀರು ನಿಂತರೆ ಕೆಲಸವೇ ನಿಂತಂತೆ. ನಮ್ಮಲ್ಲಿ 10 ಎಚ್‌ಪಿ ಪಂಪ್ ತೊಟ್ಟಿಯ ನೀರನ್ನು ಮಷಿನ್‌ಗಳಿಗೆ ಕೊಡುತ್ತದೆ. ಕೆಸರು ತಂಗಿದ ಮೇಲೆ ಅದೇ ನೀರು ಮತ್ತೆ ಬಳಕೆಗೆ ಬರುತ್ತದೆ. ಎಲ್ಲ ಮಷಿನ್ ಓಡುವ ದಿನ ಕಡಿಮೆ, ಪಂಪ್ ಮಾತ್ರ ದಿನವೂ ಪೂರ್ತಿ ವೇಗದಲ್ಲೇ ಓಡುತ್ತಿತ್ತು. ಜೆಸ್ಕಾಂನ ಕರೆಂಟ್ ಬಿಲ್ ಏರುತ್ತಲೇ ಹೋಯಿತು. ಆಗ ಮೂರು ದಾರಿ ನೋಡಿದೆವು.

ವಾಲ್ವ್ ಅರ್ಧ ಮುಚ್ಚುವುದು ಎಲ್ಲರೂ ಮಾಡುವ ಕೆಲಸ. ಖರ್ಚಿಲ್ಲ, ನಿಜ. ಆದರೆ ನೀರು ಇಳಿದಷ್ಟು ಕರೆಂಟ್ ಇಳಿಯುವುದಿಲ್ಲ. ಪೂರ್ತಿ ತೆರೆದಾಗ 7 ಕಿಲೋವ್ಯಾಟ್ ತೋರಿಸುತ್ತಿದ್ದ ಮೀಟರ್ 6ರ ಹತ್ತಿರ ನಿಂತಿತು. ಉಳಿದ ಶಕ್ತಿ ವಾಲ್ವ್‌ನಲ್ಲೇ ಸುಮ್ನೆ ಹಾಳು.

ಎರಡನೆಯದು ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ. ಮೂಲ ಇಂಪೆಲ್ಲರ್ ತೆಗೆದಿಟ್ಟು, ಇನ್ನೊಂದನ್ನು ಲೇತ್‌ನಲ್ಲಿ ಕಡಿಸಿ ಹಾಕಿದೆವು. ವ್ಯಾಸ ಹತ್ತನೇ ಒಂದು ಭಾಗ ಕಡಿಮೆಯಾದರೆ ಕರೆಂಟ್ ಸುಮಾರು ಕಾಲು ಭಾಗ ಇಳಿಯುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಜನ ಯಾಕೆ ಕೇಳುವುದೇ ಇಲ್ಲವೋ! ದಿನವೂ ಒಂದೇ ಪ್ರಮಾಣದ ನೀರು ಸಾಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ನಮಗೆ ಮಾತ್ರ ಎಲ್ಲ ಮಷಿನ್ ಹಚ್ಚಿದ ದಿನ ನೀರು ಸಾಲಲಿಲ್ಲ.

ಕೊನೆಗೆ ಗೆದ್ದದ್ದು ವಿಎಫ್‌ಡಿ, ಅಂದರೆ ಕರೆಂಟಿನ ಹರ್ಟ್ಸ್ ಬದಲಿಸಿ ಮೋಟಾರ್ ವೇಗ ಏರಿಸಿ ಇಳಿಸುವ ಡ್ರೈವ್. 50 ಹರ್ಟ್ಸ್‌ನಿಂದ 40ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಅರ್ಧದಷ್ಟು ಶಕ್ತಿ ಸಾಕು. ನಮ್ಮ ಮೀಟರ್ 4 ಕಿಲೋವ್ಯಾಟ್ ತೋರಿಸಿತು. ವಾಲ್ವ್‌ಗಿಂತ ಗಂಟೆಗೆ 2 ಯೂನಿಟ್ ಉಳಿತಾಯ. ಹತ್ತು ಗಂಟೆ ಓಡಿಸಿ, ಯೂನಿಟ್‌ಗೆ 7 ರೂಪಾಯಿ ಹಿಡಿದರೆ ದಿನಕ್ಕೆ 140 ರೂಪಾಯಿ. ಆದರೆ ವೇಗ ಇಳಿದಾಗ ಒತ್ತಡವೂ 64 ಪರ್ಸೆಂಟ್‌ಗೆ ಇಳಿಯುತ್ತದೆ. ದೂರದ ಮಷಿನ್‌ಗೆ ನೀರು ಮುಟ್ಟುತ್ತದಾ ಅಂತ ನೋಡಿಕೊಳ್ಳಿ. ಕಲಬುರಗಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು, ಮೇಲೆ ಕಲ್ಲಿನ ಧೂಳು ಬೇರೆ. ವಿಎಫ್‌ಡಿ ಪೆಟ್ಟಿಗೆಯನ್ನು ಪಾಲಿಶ್ ಶೆಡ್‌ನಲ್ಲಿ ಇಡಲೇಬೇಡಿ. ನಮ್ಮದು ನೆರಳಿರುವ ಬೇರೆ ಕೋಣೆಯಲ್ಲಿದೆ, ಫ್ಯಾನ್ ಫಿಲ್ಟರ್ ವಾರವಾರ ಕೊಡವುತ್ತೇವೆ.

ಬೋರ್‌ವೆಲ್‌ಗೆ ಇದೇ ಲೆಕ್ಕ ಹಾಕಬೇಡಿ. ಅಲ್ಲಿ ಪಂಪಿನ ದುಡಿಮೆಯೆಲ್ಲ ಆಳದಿಂದ ನೀರೆತ್ತುವುದಕ್ಕೇ ಹೋಗುತ್ತದೆ. ವೇಗ ಜಾಸ್ತಿ ಇಳಿಸಿದರೆ ನೀರು ಮೇಲೆ ಬರುವುದೇ ಇಲ್ಲ. ಅಲ್ಲಿ ಆಳಕ್ಕೆ ತಕ್ಕ ಪಂಪ್ ಆರಿಸುವುದೇ ಸರಿ.

ಇನ್ನು ಮೋಟಾರ್. ಮೋಟಾರಿನ ದಕ್ಷತೆಯ ದರ್ಜೆಗೆ ಐಇ ಅನ್ನುತ್ತಾರೆ, ಅಂಕಿ ಹೆಚ್ಚಿದಷ್ಟು ಕರೆಂಟ್ ಕಡಿಮೆ ಹಾಳು. 10 ಎಚ್‌ಪಿ, 4 ಪೋಲ್ (ನಿಮಿಷಕ್ಕೆ ಸುಮಾರು 1,500 ಸುತ್ತಿನ) ಮೋಟಾರ್‌ನಲ್ಲಿ ಐಇ1ರ ದಕ್ಷತೆ 86 ಪರ್ಸೆಂಟ್, ಐಇ3ರದು 90.4. ನಮ್ಮ ಹಳೆಯದು ಸುಟ್ಟರೆ ರೀವೈಂಡಿಂಗ್‌ಗೆ ಕಳಿಸುವುದಿಲ್ಲ, ಐಇ3 ತರುತ್ತೇವೆ.